ಪ್ರಶ್ನೆ ಮಿಸ್ ಮತ್ತು ಹದಿನಾಲ್ಕನೆಯ ಪ್ರಶ್ನೆ

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಏನೆಂದು ನೆಂಟರಿಗೆ ಬಿಡಿಸಿ ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಸಲೀಸಾಗಿ ಬರಲಿಲ್ಲ. ಟೀಚರ್ ಅಲ್ಲ, ಆದರೆ ದಿನಾ ಶಾಲೆಗೆ ಹೋಗುತ್ತಾಳೆ. ನರ್ಸ್ ಅಲ್ಲ, ಆದರೆ ಸಂಬಳ ಕೊಡುವುದು ಮಕ್ಕಳ ಆಸ್ಪತ್ರೆ. "ಮಕ್ಕಳಿಗೆ ಪ್ರಶ್ನೆ ಕೇಳ್ತಾಳೆ" ಎಂದು ಅಪ್ಪ ಹೇಳಿದರೆ "ಓ, ಪರೀಕ್ಷೆ ಮಾಡೋದಾ?" ಎನ್ನುವರು. "ಪರೀಕ್ಷೆ ಅಲ್ಲ, ಚೆನ್ನಾಗಿದೀರಾ ಅಂತ ಕೇಳ್ತಾಳೆ" ಎಂದರೆ ಅಪ್ಪನ ಮುಖವನ್ನೇ ನೋಡುವರು. ಅಷ್ಟು ಕೇಳುವುದಕ್ಕೂ ಒಬ್ಬರನ್ನು ಇಟ್ಟುಕೊಳ್ಳುತ್ತಾರೆಂದರೆ ಯಾರು ನಂಬುತ್ತಾರೆ?

ಅದಕ್ಕೂ ಮುಂಚೆ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಹದಿನೇಳು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ಮದುವೆ ನಿಶ್ಚಯವಾದ ಸುದ್ದಿಗೂ ಯಾರೋ ತೀರಿಕೊಂಡ ಸುದ್ದಿಗೂ ಒಂದೇ ದನಿಯಲ್ಲಿ "ಲೈನಿನಲ್ಲಿರಿ" ಎಂದವಳು. ಜನ ತಾವೇ ನಂಬರು ತಿರುಗಿಸಿ ಮಾತನಾಡುವ ಕಾಲ ಬಂದು ಎಕ್ಸ್‌ಚೇಂಜಿಗೆ ಬೀಗ ಬಿತ್ತು. ಅತ್ತೆಗೆ ಆಗ ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಳು. ಮಕ್ಕಳ ಆಸ್ಪತ್ರೆಯಲ್ಲಿ 'ಸ್ಪಷ್ಟವಾಗಿ ಓದಬಲ್ಲವರು ಬೇಕಾಗಿದ್ದಾರೆ' ಎಂಬ ಜಾಹೀರಾತು ನೋಡಿ ಹೋದಳು. ಅಲ್ಲಿನ ಡಾಕ್ಟರಮ್ಮ, ಮಕ್ಕಳ ಮನಸ್ಸಿನ ವೈದ್ಯೆ, ಅವಳ ಕೈಗೆ ಒಂದು ಹಾಳೆ ಕೊಟ್ಟು ಓದಿಸಿದರಂತೆ. ಓದಿ ಮುಗಿಸಿದ ಮೇಲೆ, "ಈ ಪ್ರಶ್ನೆಗಳಲ್ಲಿ ಯಾವ ಉತ್ತರ ಒಳ್ಳೇದು ಅಂತ ನಿಮ್ಮ ದನಿಯಿಂದ ನನಗೆ ಗೊತ್ತಾಗಲೇ ಇಲ್ಲ. ನಾಳೆಯಿಂದ ಬನ್ನಿ" ಎಂದರಂತೆ.

ಕೆಲಸ ಇಷ್ಟು. ಎಂಟರಿಂದ ಹನ್ನೆರಡು ವರ್ಷದ ಮಕ್ಕಳು ಹೇಗಿದ್ದಾರೆ, ನಿದ್ದೆ ಚೆನ್ನಾಗಿ ಬರುತ್ತದಾ, ಸ್ನೇಹಿತರಿದ್ದಾರಾ, ಮನೆಯವರು ಅವರ ಮಾತು ಕೇಳಿಸಿಕೊಳ್ಳುತ್ತಾರಾ, ಶಾಲೆ ಎಂದರೆ ಹೊಟ್ಟೆ ನೋಯುತ್ತದಾ, ಇವನ್ನೆಲ್ಲ ಇಪ್ಪತ್ತನಾಲ್ಕು ಪ್ರಶ್ನೆಗಳಲ್ಲಿ ಅಳೆಯುವುದು. ಅತ್ತೆ ತರಗತಿಯ ಮುಂದೆ ನಿಂತು ಒಂದೊಂದೇ ಪ್ರಶ್ನೆ ಓದುತ್ತಾಳೆ. ಮಕ್ಕಳು ತಮ್ಮ ತಮ್ಮ ಹಾಳೆಯಲ್ಲಿ ಐದು ಸೊನ್ನೆಗಳಲ್ಲಿ ಒಂದನ್ನು ಪೆನ್ಸಿಲಿನಿಂದ ತುಂಬುತ್ತಾರೆ: ಒಂದು ಸಲವೂ ಇಲ್ಲ, ಅಪರೂಪಕ್ಕೆ, ಆಗೀಗ, ಬಹಳ ಸಲ, ಯಾವಾಗಲೂ. ಹೆಸರು ಬರೆಯುವಂತಿಲ್ಲ. ಪಕ್ಕದವರದ್ದು ನೋಡುವಂತಿಲ್ಲ. ಓದುವವಳು ನಗುವಂತಿಲ್ಲ, ತಲೆಯಾಡಿಸುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ, ಪ್ರಶ್ನೆಯನ್ನು ವಿವರಿಸುವಂತಿಲ್ಲ. ಮಗು ಅರ್ಥವಾಗಲಿಲ್ಲ ಎಂದರೆ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಇನ್ನೊಮ್ಮೆ ಓದಿ, "ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ತುಂಬು" ಎನ್ನಬೇಕು, ಅಷ್ಟೇ. ಒಂದು ಶಾಲೆಯಲ್ಲಿ ಒಂದು ಅರ್ಥ ಹೇಳಿ ಇನ್ನೊಂದರಲ್ಲಿ ಇನ್ನೊಂದು ಹೇಳಿದರೆ ಅಳತೆಗೋಲೇ ಬಾಗಿಹೋಗುತ್ತದಲ್ಲ.

ಅತ್ತೆ ಈ ಕೆಲಸವನ್ನು ಎಷ್ಟು ಮುತುವರ್ಜಿಯಿಂದ ಮಾಡುತ್ತಿದ್ದಳೆಂದರೆ, ಹಿಂದಿನ ದಿನ ಸಂಜೆಯೇ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಐವತ್ತು ಪೆನ್ಸಿಲು ಹೆರೆಯುತ್ತಿದ್ದಳು. ಮೊನೆ ತೀರಾ ಚೂಪಾದರೆ ಹಾಳೆ ತೂತಾಗುತ್ತದೆ, ಮೊಂಡಾದರೆ ಸೊನ್ನೆಯ ಆಚೆಗೆ ಹರಡುತ್ತದೆ. ರಬ್ಬರುಗಳನ್ನು ಎರಡು ತುಂಡು ಮಾಡಿ ಡಬ್ಬಿಗೆ ಹಾಕುವಳು. "ಇಡೀ ರಬ್ಬರು ಕೊಟ್ರೆ ಉಜ್ಜೋದೇ ಆಟ ಮಾಡ್ಕೋತವೆ, ಅರ್ಧ ಕೊಟ್ರೆ ಮನಸ್ಸು ಬದಲಾದಾಗ ಮಾತ್ರ ಉಜ್ಜುತ್ತವೆ" ಎನ್ನುವಳು. ಮಕ್ಕಳು ಅವಳಿಗೆ ಇಟ್ಟ ಹೆಸರು ಪ್ರಶ್ನೆ ಮಿಸ್. ವರ್ಷಕ್ಕೊಂದು ಸಲ ಬರುವವಳಾದರೂ ಅವಳನ್ನು ಮರೆಯುತ್ತಿರಲಿಲ್ಲ. ತಪ್ಪು ಉತ್ತರವೇ ಇಲ್ಲದ ಪ್ರಶ್ನೆ ಕೇಳುವವರು ಅವರಿಗಾದರೂ ಇನ್ನೆಷ್ಟು ಜನ ಸಿಗುತ್ತಿದ್ದರು?

ಮನೆಯಲ್ಲಿ ಮಾತ್ರ ಅವಳು ಯಾರನ್ನೂ "ಹೇಗಿದೀಯ?" ಎಂದು ಕೇಳುತ್ತಿರಲಿಲ್ಲ. ಅಮ್ಮ ಒಂದು ಸಲ ಅದನ್ನು ಎತ್ತಿ ಆಡಿದ್ದಕ್ಕೆ, "ಆಫೀಸಿನ ಕೆಲಸ ಮನೆಗೆ ತರಲ್ಲ ಅತ್ತಿಗೆ" ಎಂದು ನಕ್ಕಳು.

ಆದರೂ ಒಮ್ಮೆ ತಂದಳು. ಕೆಲಸಕ್ಕೆ ಸೇರಿದ ಹೊಸತು. ಓದುವ ವೇಗ ಸರಿಯಿದೆಯಾ ಎಂದು ನೋಡಲು ಒಂಬತ್ತು ವರ್ಷದ ನನ್ನನ್ನು ಕೂರಿಸಿಕೊಂಡು ಇಪ್ಪತ್ತನಾಲ್ಕೂ ಪ್ರಶ್ನೆ ಓದಿದಳು. ನಾನು ಬಹಳ ಗಂಭೀರವಾಗಿ ಸೊನ್ನೆ ತುಂಬಿದೆ. ಆ ಹಾಳೆ ಮೇಜಿನ ಮೇಲೆಯೇ ಉಳಿದುಹೋಗಿ ಮರುದಿನ ಅಪ್ಪನ ಕೈಗೆ ಸಿಕ್ಕಿತು. 'ಕಳೆದ ವಾರ ನಿನ್ನ ಅಪ್ಪ ಅಮ್ಮ ನಿನ್ನ ಮಾತನ್ನು ಕಿವಿಗೊಟ್ಟು ಕೇಳಿದರೇ?' ಎಂಬಲ್ಲಿ ನಾನು 'ಅಪರೂಪಕ್ಕೆ' ಎಂದು ತುಂಬಿದ್ದೆ. ಅಪ್ಪನ ಮುಖ ಸಣ್ಣದಾಯಿತು.

"ನಾನು ಇವಳ ಮಾತು ಕೇಳಲ್ವಾ? ಯಾವಾಗ ಕೇಳಿಲ್ಲ? ಕರಿ ಅವಳನ್ನ, ಕೇಳೇಬಿಡ್ತೀನಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು.

"ಇದು ನಿನಗೆ ಬರೆದ ಕಾಗದ ಅಲ್ಲ ಅಣ್ಣ. ಓದಿಬಿಟ್ಟಿದೀಯ, ತಪ್ಪು ನಂದು, ಇಲ್ಲಿ ಇಡಬಾರದಿತ್ತು. ಈಗ ಯಾಕೆ ಹೀಗೆ ಬರೆದೆ ಅಂತ ಅವಳನ್ನ ನಿಲ್ಲಿಸಿ ಕೇಳು, ಮುಂದಿನ ಸಲ 'ಯಾವಾಗಲೂ' ಅಂತ ತುಂಬ್ತಾಳೆ. ನಿನಗೆ ಅದು ಬೇಕಾ?"

ಅಪ್ಪ ನನ್ನನ್ನು ಕರೆಸಲಿಲ್ಲ. ಆದರೆ ಅದಾದ ಮೇಲೆ ಒಂದು ತಿಂಗಳು ನಾನು ಬಾಯಿ ತೆರೆದರೆ ಸಾಕು, ಓದುತ್ತಿದ್ದ ಪೇಪರನ್ನು ಮಡಿಲಿಗಿಳಿಸಿ, ಕನ್ನಡಕ ತೆಗೆದು, ನ್ಯಾಯಾಧೀಶರ ಹಾಗೆ ಕೂತು ಕೇಳುತ್ತಿದ್ದರು. ನನ್ನ ಪೆನ್ನಿನ ಕ್ಯಾಪು ಕಳೆದುಹೋದ ಕಥೆಯನ್ನೂ ಹಾಗೆಯೇ ಕೇಳಿದರು. ನನಗೆ ಮುಜುಗರವಾಗಿ, ಹೇಳುವುದನ್ನೇ ಕಡಿಮೆ ಮಾಡಿದೆ. ನಿಧಾನವಾಗಿ ಇಬ್ಬರೂ ಒಂದು ಹದಕ್ಕೆ ಬಂದೆವು.

ಹೀಗೆ ಆರು ವರ್ಷ ಕಳೆಯಿತು. ಏಳನೆಯ ವರ್ಷ ನಡೆದದ್ದೇ ಅತ್ತೆಯ ಬದುಕಿನ ದೊಡ್ಡ ಸಂಗತಿ.

ಬಟ್ಟೆ ಗಿರಣಿಯ ಹಿಂದೆ ಒಂದು ಶಾಲೆ. ಐದನೆಯ ತರಗತಿ, ಮೂವತ್ತೆಂಟು ಮಕ್ಕಳು. ಗಿರಣಿಯ ಸದ್ದು ಬರುತ್ತದೆಂದು ಕಿಟಕಿ ಮುಚ್ಚಿ ಅತ್ತೆ ಓದುತ್ತಿದ್ದಳು. ಹದಿಮೂರು ಪ್ರಶ್ನೆ ಮುಗಿದು ಹದಿನಾಲ್ಕಕ್ಕೆ ಬಂದಳು: 'ಕಳೆದ ವಾರ ನಿನ್ನನ್ನು ನಿನ್ನ ಪಾಡಿಗೆ ಬಿಟ್ಟಿದ್ದರೇ?' ಇದಕ್ಕೆ 'ಯಾವಾಗಲೂ' ಎಂದವರಿಗೆ ಐದು ಅಂಕ, 'ಒಂದು ಸಲವೂ ಇಲ್ಲ' ಎಂದವರಿಗೆ ಒಂದು. ಅಂದರೆ, ಮಗುವಿಗೆ ತನ್ನದೇ ಅಂತ ಸ್ವಲ್ಪ ಹೊತ್ತು ಸಿಗುತ್ತದಾ, ಸಿಕ್ಕರೆ ಒಳ್ಳೆಯದು ಎಂಬ ಲೆಕ್ಕ.

ಮೂರನೆಯ ಬೆಂಚಿನಲ್ಲಿ ಕೂತಿದ್ದ ಒಬ್ಬಳು ಹುಡುಗಿ ಕೈಯೆತ್ತಿದಳು. ಎರಡು ಜಡೆ, ಒಂದಕ್ಕೆ ರಿಬ್ಬನ್ ಇರಲಿಲ್ಲ.

"ಮಿಸ್, ಇದು ಒಳ್ಳೇದಾ ಕೆಟ್ಟದ್ದಾ?"

"ಒಳ್ಳೇದು ಕೆಟ್ಟದ್ದು ಅಂತೇನಿಲ್ಲ. ಇನ್ನೊಂದ್ಸಲ ಓದ್ತೀನಿ, ಕೇಳಿಸ್ಕೋ." ಅತ್ತೆ ಓದಿದಳು.

"ಅದೇ ಮಿಸ್. ನಮ್ಮನೇಲಿ ನನ್ನನ್ನ ದಿನಾ ನನ್ನ ಪಾಡಿಗೆ ಬಿಟ್ಟು, ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ. ಯಾವಾಗಲೂ ಅಂತ ತುಂಬ್ಲಾ?"

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ನಮ್ಮಜ್ಜಿ ನನ್ನನ್ನ ನನ್ನ ಪಾಡಿಗೆ ಬಿಡೋದೇ ಇಲ್ಲ ಮಿಸ್, ಬಚ್ಚಲ ಬಾಗಿಲ ತನಕ ಬರ್ತಾರೆ" ಎಂದ. ತರಗತಿ ಗೊಳ್ಳೆಂದಿತು. ಹುಡುಗಿ ನಗಲಿಲ್ಲ, ಪೆನ್ಸಿಲು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು.

ಅತ್ತೆ ಹೇಳಬೇಕಾದ ಮಾತು ಒಂದೇ: ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ತುಂಬು. ಆರು ವರ್ಷದಲ್ಲಿ ಅದನ್ನು ಸಾವಿರ ಸಲ ಹೇಳಿದ್ದಳು. ಅವತ್ತು ಬಾಯಿಗೆ ಬರಲಿಲ್ಲ. ಆಮೇಲೆ ನನಗೆ ಹೇಳಿದಳು: "ಆ ಮಗು ಯಾವಾಗಲೂ ಅಂತ ತುಂಬಿದ್ರೆ ಅವಳಿಗೆ ಐದಕ್ಕೆ ಐದು ಕಣೇ. ಅಂಕ ಲೆಕ್ಕ ಹಾಕೋ ಮೆಷಿನ್ನು ಅದನ್ನ ಓದಿ, ಈ ಮಗು ಸುಖವಾಗಿದೆ ಅನ್ನುತ್ತೆ. ಇಷ್ಟು ವರ್ಷ ಇನ್ನೆಷ್ಟು ಮಕ್ಕಳ ಬಗ್ಗೆ ಹೀಗೆ ಹೇಳಿಸಿದೀನೋ ಅಂತ ಹೆದರಿಕೆ ಆಯ್ತು."

ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. "ಎಲ್ಲರೂ ಪೆನ್ಸಿಲ್ ಕೆಳಗಿಡಿ. ನಿನ್ನ ಪಾಡಿಗೆ ಬಿಡೋದು ಅಂದ್ರೆ ನಿಮಗೇನು ಅರ್ಥ ಆಗುತ್ತೆ, ಒಬ್ಬೊಬ್ಬರಾಗಿ ಹೇಳಿ."

ಉಳಿದ ಅರ್ಧ ಗಂಟೆ ಅದರಲ್ಲೇ ಹೋಯಿತು. ಅವರು ಹೇಳಿದ್ದನ್ನೆಲ್ಲ ಅತ್ತೆ ಖಾಲಿ ಹಾಳೆಗಳ ಬೆನ್ನ ಮೇಲೆ ಬರೆದುಕೊಂಡಳು. ಹದಿನೇಳು ಮಕ್ಕಳಿಗೆ ಅದು ಒಂಟಿಯಾಗಿ ಬಿಟ್ಟುಹೋಗುವುದು. ಹನ್ನೆರಡು ಮಕ್ಕಳಿಗೆ ಬೈಯದೆ, ಕಾಟ ಕೊಡದೆ ಇರುವುದು. ಐದು ಮಕ್ಕಳಿಗೆ ಗಲಾಟೆ ಮಾಡಿದ್ದಕ್ಕೆ ತರಗತಿಯ ಹೊರಗೆ ನಿಲ್ಲಿಸುವುದು. ಇನ್ನು ನಾಲ್ವರು ಏನೂ ತಿಳಿಯಲಿಲ್ಲ, ಪಕ್ಕದವರು ತುಂಬಿದ ಸೊನ್ನೆಯನ್ನೇ ತುಂಬೋಣ ಎಂದಿದ್ದೆವು ಎಂದು ಒಪ್ಪಿಕೊಂಡರು.

ಶಾಲೆ ಬಿಡುವ ಮುಂಚೆ ಅತ್ತೆ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ ಬೀಗದ ವಿಷಯ ಹೇಳಿದಳು. ಮಗುವಿಗೆ ಅಪಾಯವಿದೆ ಅನ್ನಿಸಿದರೆ ಹೇಳಲೇಬೇಕು, ಅದೂ ಒಂದು ನಿಯಮ. ಮರುದಿನ ತಾಯಿ ಬಂದರು. ಹಾಸ್ಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿದ್ದವು. ಅತ್ತೆಯೂ ಹೋಗಿದ್ದಳು.

"ಮಗೂನ ಕರ್ಕೊಂಡು ಹೋಗಿಬಿಡ್ತಾರಾ?" ಎಂಬುದೇ ಅವರ ಮೊದಲ ಮಾತು.

"ಯಾರೂ ಕರ್ಕೊಂಡು ಹೋಗಲ್ಲ, ಕೂತ್ಕೊಳ್ಳಮ್ಮ" ಎಂದರು ಮುಖ್ಯೋಪಾಧ್ಯಾಯಿನಿ.

"ಬೀದಿ ಮೇಲೆ ಲಾರಿ ಓಡಾಡ್ತವೆ ಅಂತ ಬೀಗ ಹಾಕ್ತೀನಿ. ಶಾಲೆ ಬಿಟ್ಟಾಗಿಂದ ಐದೂವರೆ ತನಕ. ನಾನು ಬರೋಷ್ಟರಲ್ಲಿ ಕಿಟಕೀಲೇ ನಿಂತಿರ್ತಾಳೆ. ನನಗೆ ಗೊತ್ತಿಲ್ವಾ?"

ಅತ್ತೆ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. ಮುಖ್ಯೋಪಾಧ್ಯಾಯಿನಿ, ಶಾಲೆಯ ಲೈಬ್ರರಿಯ ಮೇಡಂ ಐದೂವರೆ ತನಕ ಇದ್ದೇ ಇರುತ್ತಾರೆ, ಮಗು ಅಲ್ಲೇ ಇರಲಿ ಎಂದರು. ಅಷ್ಟು ಸುಲಭದ ದಾರಿ ಅಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಇತ್ತ ಆಫೀಸಿನಲ್ಲಿ ಅತ್ತೆ ಆ ಮೂವತ್ತೆಂಟು ಹಾಳೆಗಳನ್ನು ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಬರೆದಳು: 'ಓದಿದವಳು ನಿಯಮ ಮುರಿದಿದ್ದಾಳೆ. ಇವನ್ನು ಸೇರಿಸಬೇಡಿ.' ಕೆಳಗೆ ಸಹಿ. ಹಾಳೆಗಳನ್ನು ಮೆಷಿನ್ನಿಗೆ ಹಾಕುವ ಸಹೋದ್ಯೋಗಿ ಒಳ್ಳೆಯ ಮನುಷ್ಯ. ಮೆತ್ತಗೆ ಹೇಳಿದ, "ಮೇಡಂ, ಅಲ್ಲಿ ಯಾರು ನೋಡಿದಾರೆ? ಹದಿಮೂರು ಪ್ರಶ್ನೆ ಸರಿಯಾಗೇ ಇದೆಯಲ್ಲ. ಹಾಕಿಬಿಡೋಣ ಬಿಡಿ."

"ನಾನು ನೋಡಿದೀನಲ್ಲಪ್ಪ" ಎಂದು ಅತ್ತೆ ಆ ಕಟ್ಟನ್ನೂ ಬೆನ್ನ ಮೇಲೆ ಬರೆದ ಹಾಳೆಗಳನ್ನೂ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು.

ಡಾಕ್ಟರಮ್ಮ ಗಟ್ಟಿ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಸಿಟ್ಟು ಬಂದಾಗ ಅದನ್ನು ಏರಿಸಿಕೊಳ್ಳುತ್ತಿದ್ದರು.

"ಆರು ವರ್ಷದ ಅಂಕಿ ಇದೆ ನಮ್ಮ ಹತ್ರ. ಒಂದು ಮಾತು ಬದಲಾಯಿಸಿದ್ರೂ ಹಿಂದಿನದನ್ನ ಮುಂದಿನದಕ್ಕೆ ಹೋಲಿಸೋಕಾಗಲ್ಲ. ಗೊತ್ತಲ್ವಾ ನಿಮಗೆ?"

"ಗೊತ್ತು ಡಾಕ್ಟ್ರೇ. ಆದ್ರೆ ಆರು ವರ್ಷ ತಪ್ಪಾಗಿ ಅಳೆದಿದೀವಿ ಅಂತ ಏಳನೇ ವರ್ಷನೂ ತಪ್ಪಾಗೇ ಅಳೀಬೇಕಾ?"

"ಅದನ್ನ ತೀರ್ಮಾನ ಮಾಡೋದು ತರಗತೀಲಿ ನಿಂತ್ಕೊಂಡಲ್ಲ. ಎರಡು ವಾರ ಮನೇಲಿರಿ."

ಅತ್ತೆ ಮನೆಯಲ್ಲಿ ಉಳಿದಳು. ಆಗ ನನಗೆ ಹದಿನೈದು. ಅವಳು ಅಳುತ್ತಾಳೇನೋ ಎಂದು ನಾನು ಮಹಡಿಯ ಮೆಟ್ಟಿಲಲ್ಲಿ ಹತ್ತು ಸಲ ಹತ್ತಿ ಇಳಿದೆ. ಅವಳು ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಹೊರಗೆಳೆದು ಧೂಳು ಹೊಡೆಯುತ್ತಿದ್ದಳು. "ನನಗೆ ಬೇಜಾರಾಗಿದೆ" ಎಂದು, ಸೊನ್ನೆ ತುಂಬಿದಷ್ಟೇ ಸರಳವಾಗಿ ಹೇಳಿದಳು. "ಕೆಲಸ ಹೋಗುತ್ತೆ ಅಂತಲ್ಲ. ಡಾಕ್ಟ್ರು ನನ್ನ ಮುಖ ನೋಡ್ದೆ ಮಾತಾಡಿದ್ರು."

ಒಂಬತ್ತನೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಡಾಕ್ಟರಮ್ಮ. ಕೈಯಲ್ಲಿ ಆ ಹಾಳೆಗಳು. ಅಪ್ಪ ಗಡಿಬಿಡಿಯಲ್ಲಿ ಕುರ್ಚಿಯ ಮೇಲಿದ್ದ ಇಸ್ತ್ರಿ ಬಟ್ಟೆಗಳನ್ನು ಎತ್ತಿಕೊಂಡು, ಎಲ್ಲಿ ಇಡುವುದೆಂದು ತಿಳಿಯದೆ, ಅವರು ಹೋಗುವ ತನಕ ಎದೆಗೆ ಅಪ್ಪಿಕೊಂಡೇ ನಿಂತಿದ್ದರು.

ಡಾಕ್ಟರಮ್ಮ ಟೀ ಮುಗಿಸಿ ಕಪ್ಪು ಕೆಳಗಿಟ್ಟು ಹೇಳಿದರು: "ಆ ಹದಿನಾಲ್ಕನೇ ವಾಕ್ಯ ಬರೆದೋಳು ನಾನೇ. ಬೇರೆ ಭಾಷೇಲಿದ್ದ ಪ್ರಶ್ನೆ. ಅದನ್ನ ಕನ್ನಡಕ್ಕೆ ಹೇಗೆ ತರೋದು ಅಂತ ಮೂರು ಜನ ಕೂತ್ಕೊಂಡು ನಾಲ್ಕು ದಿನ ಯೋಚಿಸಿದ್ವಿ. ಕೊನೆಗೆ ನಾನು, ನನ್ನ ಪಾಡಿಗೆ ನನ್ನನ್ನ ಬಿಟ್ರೆ ನನಗೆ ಎಷ್ಟು ಖುಷಿ ಅಂತ ನೆನಸ್ಕೊಂಡು ಬರೆದೆ. ಮನೆ ತುಂಬ ಜನ ಇರೋಳು ನಾನು." ಆಮೇಲೆ, "ಮೊನ್ನೆ ಮೊಮ್ಮಗನನ್ನ ಕೇಳಿದೆ. ಹೊರಗೆ ನಿಲ್ಲಿಸೋದು ಅಂದ" ಎಂದರು.

ಅತ್ತೆ ನಗು ತಡೆದುಕೊಂಡಳು. ಅದು ಅವಳಿಗೆ ಅಭ್ಯಾಸವಾಗಿತ್ತು.

"ನಾಳೆ ಬನ್ನಿ. ನಿಯಮ ಮುರಿದಿದ್ದು ತಪ್ಪೇ. ಅದನ್ನ ಬರೆದು ಕೊಟ್ಟಿದ್ದಕ್ಕೆ ಮಾತ್ರ ನಾನು ಇಲ್ಲಿ ತನಕ ಬಂದೆ. ಮುಚ್ಚಿಟ್ಟಿದ್ರೆ ನಿಮ್ಮ ಉಳಿದ ಹಾಳೆಗಳನ್ನೂ ನಂಬ್ತಿರಲಿಲ್ಲ."

ಮುಂದಿನ ಎಂಟು ತಿಂಗಳು ಇಬ್ಬರೂ ಸೇರಿ ಮಾಡಿದ ಕೆಲಸವನ್ನು ಅತ್ತೆ ಈಗಲೂ ರುಚಿಕಟ್ಟಾಗಿ ಹೇಳುತ್ತಾಳೆ. ಆಸ್ಪತ್ರೆಯ ಹಳೆಯ ಎಕ್ಸ್-ರೇ ಕೋಣೆಯಲ್ಲಿ ಎರಡು ಸಣ್ಣ ಕುರ್ಚಿ ಹಾಕಿ, ಒಂದು ಸಲಕ್ಕೆ ಒಂದೇ ಮಗುವನ್ನು ಕೂರಿಸಿ, ಪ್ರಶ್ನೆ ಓದಿ, "ಇದನ್ನ ನಿನ್ನ ಸ್ನೇಹಿತನಿಗೆ ನೀನು ಹೇಗೆ ಕೇಳ್ತೀಯ?" ಎಂದು ಕೇಳುವುದು. ಒಟ್ಟು ನೂರಾ ಹತ್ತು ಮಕ್ಕಳು. ಆಗ ತಿಳಿದದ್ದು ಹದಿನಾಲ್ಕೊಂದೇ ಅಲ್ಲ. 'ಉಲ್ಲಾಸದಿಂದಿದ್ದೆಯಾ' ಎಂಬಲ್ಲಿ 'ಉಲ್ಲಾಸ' ಎಂಬುದು ಬಸ್ ಕಂಪನಿಯ ಹೆಸರೆಂದು ಹಲವರು ತಿಳಿದಿದ್ದರು, ಹಾಗಾಗಿ ಬಸ್ಸಿನಲ್ಲಿ ಶಾಲೆಗೆ ಬರುವವರೆಲ್ಲ 'ಯಾವಾಗಲೂ' ಎಂದು ತುಂಬುತ್ತಿದ್ದರು. ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತು ಕೂತರಂತೆ.

ಕೊನೆಗೆ ಹದಿನಾಲ್ಕನೆಯ ಪ್ರಶ್ನೆ ಎರಡಾಯಿತು. ಒಂದು, 'ನಿನಗೆ ಇಷ್ಟವಾದದ್ದನ್ನು ಮಾಡಲು ನಿನಗೆ ಹೊತ್ತು ಸಿಕ್ಕಿತೇ?' ಇನ್ನೊಂದು, 'ಜೊತೆಗೆ ಯಾರಾದರೂ ಇರಬೇಕಿತ್ತು ಎಂದು ಅನ್ನಿಸಿತೇ?' ಎರಡನೆಯದನ್ನು ಹೇಳಿದ್ದು ಎಂಟು ವರ್ಷದ ಒಬ್ಬ ತೊದಲು ಹುಡುಗ. ಹೇಳಲು ಅವನು ತೆಗೆದುಕೊಂಡ ಹೊತ್ತಿನಲ್ಲಿ ಡಾಕ್ಟರಮ್ಮ ಒಂದು ಸಲವೂ ಗಡಿಯಾರ ನೋಡಲಿಲ್ಲ ಎಂದು ಅತ್ತೆ ಹೇಳುವಾಗ ಅವಳ ದನಿ ಸ್ವಲ್ಪ ಏರುತ್ತದೆ.

ಹೊಸ ಪ್ರಶ್ನೆಪತ್ರಿಕೆ ಬಂದ ವರ್ಷ ಅಂಕಗಳು ಇಳಿದವು. ಗಿರಣಿಯ ಸುತ್ತಲಿನ ಮೂರು ಶಾಲೆಗಳಲ್ಲಂತೂ ದೊಪ್ಪನೆ ಇಳಿದವು. ಶಿಕ್ಷಣ ಇಲಾಖೆಯವರು ಕರೆಸಿದರು. ಒಂದೇ ವರ್ಷದಲ್ಲಿ ಮಕ್ಕಳಿಗೆ ಇಷ್ಟು ಬೇಜಾರು ಎಲ್ಲಿಂದ ಬಂತು, ಶಾಲೆಗಳ ಮರ್ಯಾದೆ ಏನಾಗಬೇಕು ಎಂದು ಅವರ ತಕರಾರು. ಡಾಕ್ಟರಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರು. ವಾದ ಬಿಸಿಯೇರಿದಾಗ ಅತ್ತೆಯ ಕಡೆ ತಿರುಗಿ, "ನೀವೇ ಒಂದು ಸಲ ಓದಿಬಿಡಿ" ಎಂದರು. ಅತ್ತೆ ಎದ್ದು ನಿಂತು ಹನ್ನೊಂದು ಜನ ಅಧಿಕಾರಿಗಳಿಗೆ ಪೆನ್ಸಿಲು ಹಂಚಿ, ಹಳೆಯ ಹದಿನಾಲ್ಕನ್ನು ತನ್ನ ಎಕ್ಸ್‌ಚೇಂಜ್ ದನಿಯಲ್ಲಿ ಓದಿದಳು. ಐದು ನಿಮಿಷದಲ್ಲಿ ಅವರವರಲ್ಲೇ ಜಗಳ ಹತ್ತಿತು. ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಮನೇಲಿ ನನ್ನನ್ನ ನನ್ನ ಪಾಡಿಗೆ ಬಿಟ್ರೆ ಇನ್ನೇನು ಬೇಕ್ರೀ" ಎಂದರೆ, ಅವರ ಪಕ್ಕದಲ್ಲಿದ್ದ, ಹಿಂದಿನ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದವರು, ಪೆನ್ಸಿಲನ್ನು ಸುಮ್ಮನೆ ಕೆಳಗಿಟ್ಟರು. ತಕರಾರು ಅಲ್ಲಿಗೆ ನಿಂತಿತು.

ಆ ಮೂರು ಶಾಲೆಗಳಲ್ಲೂ ಸಂಜೆ ಐದೂವರೆ ತನಕ ಒಂದು ಕೋಣೆ ತೆರೆದಿಡಲು ಅನುಮತಿ ಸಿಕ್ಕಿತು. ಒಂದು ಕಡೆ ನೋಡಿಕೊಳ್ಳುವವರು ಸಿಗದೆ ವರ್ಷದೊಳಗೆ ಮುಚ್ಚಿತು. ಎರಡು ನಡೆದವು. ರಿಬ್ಬನ್ ಇಲ್ಲದ ಜಡೆಯ ಹುಡುಗಿ ಮುಂದೆ ಏನಾದಳೋ ಅತ್ತೆಗೆ ಗೊತ್ತಿಲ್ಲ. ಹಾಳೆಯ ಮೇಲೆ ಹೆಸರಿರುವುದಿಲ್ಲ. ಹೆಸರು ಹುಡುಕಿಕೊಂಡು ಹೋಗುವುದು ಸರಿಯಲ್ಲ ಎಂದು ಅವಳ ಪಟ್ಟು.

ಅತ್ತೆ ಇನ್ನೂ ಹದಿನೈದು ವರ್ಷ ಓದಿದಳು. ಕೊನೆಕೊನೆಗೆ ಗಂಟಲು ಸವೆದು ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಮೈಕು ಕೊಡುತ್ತೇವೆಂದರೂ ಒಪ್ಪಲಿಲ್ಲ. ಹೊಸಬಳೊಬ್ಬಳನ್ನು ತಯಾರು ಮಾಡಿ, ಒಂದು ವರ್ಷ ಅವಳ ತರಗತಿಗಳಲ್ಲಿ ಹಿಂದೆ ಕೂತು ಕೇಳಿ, ಅರವತ್ತೊಂದಕ್ಕೆ ಕೆಲಸ ಬಿಟ್ಟಳು. ಬಿಟ್ಟ ತಿಂಗಳೇ ಊರಿನ ಈಜುಕೊಳದಲ್ಲಿ ಈಜು ಕಲಿಯಲು ಹೆಸರು ಬರೆಸಿದಳು. ಅಪ್ಪ ದಿಗಿಲುಬಿದ್ದು, "ಈ ವಯಸ್ಸಿನಲ್ಲಿ ಇದೇನೇ ನಿಂದು?" ಎಂದರು. ಈಗ ಅವಳಿಗೆ ಅರವತ್ತಾರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗುತ್ತಾಳೆ. ಹೋದ ತಿಂಗಳು ನಾನೂ ಜೊತೆಗೆ ಹೋಗಿ ದಡದಲ್ಲಿ ಕೂತಿದ್ದೆ. ನೀಲಿ ಟೋಪಿ ಹಾಕಿಕೊಂಡು ಕೊಳದ ಈ ತುದಿಯಿಂದ ಆ ತುದಿಗೆ, ಒಂದು ಚೂರೂ ಅವಸರವಿಲ್ಲದೆ, ಮಧ್ಯೆ ಎಲ್ಲೂ ನಿಲ್ಲದೆ ಹೋದಳು. ಆ ತುದಿಯ ಕಂಬಿ ಹಿಡಿದು ತಿರುಗಿ, ಕಿವಿಗೆ ಹೊಕ್ಕ ನೀರನ್ನು ತಲೆಯೊದರಿ ಹೊರಹಾಕಿ, ನನಗೆ ಕೈಬೀಸಿದಳು.